ಮನೆಗೆ ನಾಯಿಮರಿ ತರುತ್ತೀರಾ? ಹುಬ್ಬಳ್ಳಿ-ಧಾರವಾಡದವರಿಗೆ ಮೊದಲ ಒಂದು ವರ್ಷದ ಕೈಪಿಡಿ

"ಯಾವ ಜಾತಿ ನಾಯಿ ತಗೊಳ್ಳೋಣ?" ನಾನು ನಾಯಿ ಸಾಕಿದ್ದೇನೆ ಅಂತ ಗೊತ್ತಾದವರೆಲ್ಲ ಮೊದಲು ಕೇಳುವುದು ಇದನ್ನೇ. ಮರಿ ಮನೆಗೆ ಬಂದ ಹದಿನೈದು ದಿನಕ್ಕೆ ಅವರದೇ ಫೋನ್ ಮತ್ತೆ ಬರುತ್ತದೆ. ರಾತ್ರಿಯೆಲ್ಲ ಅಳುತ್ತದೆ, ಊಟ ಬಿಟ್ಟಿದೆ, ಸೋಫಾ ಕಡಿದಿದೆ, ಮೈತುಂಬ ಉಣ್ಣಿ ಹತ್ತಿದೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಒಂದು ಕಡೆ ಬರೆದಿಡುತ್ತಿದ್ದೇನೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಹವೆ, ಊಟ, ಓಣಿ, ಹಬ್ಬ ಇವನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ನಾನು ಪಶುವೈದ್ಯ ಅಲ್ಲ. ಔಷಧಿಯ ಪ್ರಮಾಣ ಎಷ್ಟು ಅನ್ನುವುದನ್ನು ಮಾತ್ರ ನಿಮ್ಮ ಡಾಕ್ಟರನ್ನೇ ಕೇಳಿ.

ಹಂತ 1: ಜಾತಿ ಆಮೇಲೆ, ಮೊದಲು ನಿಮ್ಮ ದಿನಚರಿ ನೋಡಿ

ನಾಯಿ ಹತ್ತರಿಂದ ಹದಿನಾಲ್ಕು ವರ್ಷ ಬದುಕುತ್ತದೆ. ಇವತ್ತು ನಾಲ್ಕನೇ ಕ್ಲಾಸಿನಲ್ಲಿರುವ ಮಗಳು ಡಿಗ್ರಿ ಮುಗಿಸುವವರೆಗೂ ಅದು ನಿಮ್ಮ ಜೊತೆ ಇರುತ್ತದೆ. ಅದಕ್ಕೇ ಮನೆಯವರೆಲ್ಲ ಕೂತು ಮೂರು ಮಾತು ಇತ್ಯರ್ಥ ಮಾಡಿಕೊಳ್ಳಿ. ಬೆಳಿಗ್ಗೆ ಆರಕ್ಕೆ ಎದ್ದು ಯಾರು ಹೊರಗೆ ಕರೆದೊಯ್ಯುತ್ತಾರೆ? ಮಧ್ಯಾಹ್ನ ಮನೆಯಲ್ಲಿ ಯಾರಿರುತ್ತಾರೆ? ಜಾತ್ರೆಗೋ ಮದುವೆಗೋ ನಾಲ್ಕು ದಿನ ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ? "ಮಕ್ಕಳು ನೋಡ್ಕೋತಾರೆ" ಅನ್ನುವ ಉತ್ತರವನ್ನು ನಾನು ಒಪ್ಪುವುದಿಲ್ಲ. ಮಕ್ಕಳು ಆಡುತ್ತಾರೆ. ನೋಡಿಕೊಳ್ಳುವ ಕೆಲಸ ದೊಡ್ಡವರದೇ. ಹೊರಗೆ ಕರೆದೊಯ್ಯಲು, ಊಟ ಹಾಕಲು, ಮೈ ನೋಡಲು ದಿನಕ್ಕೆ ಎರಡು ತಾಸು ಬೇಕು. ಅಷ್ಟು ಹೊತ್ತು ಇಲ್ಲದಿದ್ದರೆ ಈಗ ತರಬೇಡಿ. ಒಂದೆರಡು ವರ್ಷ ಬಿಟ್ಟು ತಂದರೂ ಏನೂ ಕೆಡುವುದಿಲ್ಲ.

ಇನ್ನು ಜಾತಿಯ ಮಾತು. ಹಸ್ಕಿ, ಸೇಂಟ್ ಬರ್ನಾರ್ಡ್ ಹಿಮದ ನಾಡಿನ ನಾಯಿಗಳು. ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಅವು ಪಡುವ ಪಾಡು ನೋಡಲಾಗುವುದಿಲ್ಲ. ದಿನವಿಡೀ ಎಸಿ ಹಾಕಿಡುತ್ತೇವೆ ಅನ್ನುವವರಿಗೂ ನಾನು ಬೇಡ ಅಂತಲೇ ಹೇಳುತ್ತೇನೆ. ಕರೆಂಟ್ ಹೋಗದ ಊರು ನಮ್ಮದಲ್ಲ. ಪಗ್‌ನಂಥ ಚಪ್ಪಟೆ ಮುಖದ ನಾಯಿಗಳಿಗೂ ಸೆಕೆಯಲ್ಲಿ ಉಸಿರಾಟ ಕಷ್ಟ.

ಮುಧೋಳ ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯ ನಾಯಿ. ನಮ್ಮ ಬಿಸಿಲಿಗೆ ಹೊಂದುವ ಗಿಡ್ಡ ಕೂದಲು, ಉದ್ದ ಕಾಲು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆ ಚೀಟಿ ಹೊರಡಿಸಿತ್ತು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಆದರೆ ಇದು ಬೇಟೆಗೆಂದು ಬೆಳೆದ ನಾಯಿ. ಓಡುವ ಬೆಕ್ಕು, ಕೋಳಿ ಕಂಡರೆ ಬೆನ್ನು ಹತ್ತುತ್ತದೆ. ದಿನಾ ಮನಸಾರೆ ಓಡಲು ಜಾಗ ಬೇಕು. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಕೂಡಿಹಾಕಿದರೆ ಅದಕ್ಕೂ ಹಿಂಸೆ, ನಿಮಗೂ ಹಿಂಸೆ. ಇನ್ನೊಂದು ಮಾತು: ಮುಧೋಳಕ್ಕೆ ಪಕ್ಕೆಲುಬು ಸ್ವಲ್ಪ ಕಾಣುವುದು ಅದರ ಮೈಕಟ್ಟು. "ಉಪವಾಸ ಕೆಡವಿದ್ದೀರೇನು?" ಅಂತ ಯಾರೋ ಕೇಳಿದರು ಅಂತ ತುಂಬಿ ತುಂಬಿ ಹಾಕಬೇಡಿ.

ನನ್ನ ಅಭಿಪ್ರಾಯ ಕೇಳುವುದಾದರೆ, ಮೊದಲ ಸಲ ಸಾಕುವವರಿಗೆ ನಮ್ಮ ಓಣಿಯ ನಾಡನಾಯಿಯ ಮರಿಯೇ ಒಳ್ಳೆಯದು. ಈ ಮಣ್ಣು, ಈ ಬಿಸಿಲು ಅದಕ್ಕೆ ಒಗ್ಗಿದೆ. ಜಾಣತನಕ್ಕೆ ಕೊರತೆಯಿಲ್ಲ. ಸಾಕಿದರೆ ಮನೆಯವರನ್ನು ಬಿಟ್ಟಿರುವುದಿಲ್ಲ.

ರಾಟ್‌ವೀಲರ್, ಪಿಟ್‌ಬುಲ್ ನಿಷೇಧ ಆಗಿದೆಯಲ್ಲ ಅಂತ ಬಹಳ ಜನ ಕೇಳುತ್ತಾರೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ಜಾತಿಯ ನಾಯಿಗಳನ್ನು ನಿಷೇಧಿಸಲು ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಹಾಗಂತ ಮೊದಲ ಸಲವೇ ಇವಕ್ಕೆ ಕೈ ಹಾಕಬೇಡಿ. ಇವುಗಳ ಬಲ ಹಿಡಿತದಲ್ಲಿಡಲು ಅನುಭವ ಬೇಕು.

ಹಂತ 2: ಮರಿ ತರುವಾಗ ಏನು ನೋಡಬೇಕು

ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಿ ತರಬೇಡಿ. ತಿಂಗಳ ಮರಿ ಮುದ್ದಾಗಿ ಕಾಣುತ್ತದೆ, ಅದಕ್ಕೇ ಮಾರುವವರು ಆಗಲೇ ಕೊಡುತ್ತಾರೆ. ಆದರೆ ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅನ್ನುವುದನ್ನು ಮರಿ ಕಲಿಯುವುದು ಒಡಹುಟ್ಟಿದ ಮರಿಗಳ ಜೊತೆ ಆಡುತ್ತಲೇ. ಬೇಗ ಬಿಡಿಸಿದ ಮರಿಗೆ ಆ ಪಾಠ ತಪ್ಪಿರುತ್ತದೆ.

ತಾಯಿಯನ್ನು ಒಮ್ಮೆ ಕಣ್ಣಾರೆ ನೋಡಿ. ಬೆದರುವ, ಮೈಮೇಲೆ ಎಗರುವ ತಾಯಿಯ ಮರಿ ಬೇಡ. ಮರಿಯ ಕಣ್ಣಲ್ಲಿ ಪಿಸುರು, ಮೂಗಲ್ಲಿ ಸುರಿತ ಇರಬಾರದು. ಬಾಲ ಎತ್ತಿ ನೋಡಿ. ಅಲ್ಲಿ ಭೇದಿಯ ಕಲೆ ಇದ್ದರೆ ಆ ಮರಿಗೆ ಹೊಟ್ಟೆ ಸರಿಯಿಲ್ಲ.

ಈಗ ಕಾರ್ಡು. "ಲಸಿಕೆ ಆಗೇತ್ರಿ" ಅನ್ನುವ ಬಾಯಿಮಾತನ್ನು ನಂಬಿ ನಾನು ಒಂದು ಮರಿ ಕಳೆದುಕೊಂಡಿದ್ದೇನೆ. ಮನೆಗೆ ತಂದ ಆರನೇ ದಿನ ವಾಂತಿ ಶುರುವಾಯಿತು, ಎಂಟನೇ ದಿನ ಇಲ್ಲ. ಕೊಟ್ಟವರು ತೋರಿಸಿದ ಕಾರ್ಡಿನಲ್ಲಿ ತಾರೀಖು ಪೆನ್ನಿನಲ್ಲಿ ಬರೆದಿತ್ತು, ಅಷ್ಟೇ. ಡಾಕ್ಟರು ಲಸಿಕೆ ಹಾಕಿದ ಮೇಲೆ ಬಾಟಲಿಯ ಮೇಲಿನ ಸಣ್ಣ ಚೀಟಿಯನ್ನು ಕಿತ್ತು ಕಾರ್ಡಿಗೆ ಅಂಟಿಸುತ್ತಾರೆ. ಅದರಲ್ಲಿ ಲಸಿಕೆಯ ಹೆಸರು, ಬ್ಯಾಚ್ ನಂಬರ್, ಅವಧಿ ಮುಗಿಯುವ ತಿಂಗಳು ಇರುತ್ತವೆ. ಪಕ್ಕದಲ್ಲಿ ಡಾಕ್ಟರ ಸಹಿ, ಸೀಲು ಇರಬೇಕು. ಆ ಚೀಟಿ ಇಲ್ಲದಿದ್ದರೆ ಲಸಿಕೆ ಆಗಿಲ್ಲ ಅಂತಲೇ ತಿಳಿದು ಮೊದಲಿಂದ ಶುರು ಮಾಡಿ.

ಕೆಸಿಐ ಪೇಪರ್ ಅಂತ ಹೇಳಿ ಜಾಸ್ತಿ ದುಡ್ಡು ಕೇಳುತ್ತಾರೆ. ಅದು ಕೆನಲ್ ಕ್ಲಬ್ ಆಫ್ ಇಂಡಿಯಾ ಕೊಡುವ ವಂಶಾವಳಿಯ ಪತ್ರ. ಶೋಗೆ ಕಳಿಸುವವರಿಗೆ ಬೇಕು. ಮನೆಯಲ್ಲಿ ಸಾಕುವವರಿಗೆ ಲಸಿಕೆಯ ಕಾರ್ಡು ಮುಖ್ಯ.

ಹಂತ 3: ಮೊದಲ ಮೂರು ರಾತ್ರಿ

ಮರಿ ಬರುವ ಮುಂಚೆ ಇಷ್ಟು ತಂದಿಡಿ. ಮಗುಚದಂತೆ ಭಾರವಾದ ಎರಡು ಬಟ್ಟಲು, ಒಂದು ಹಳೆಯ ಕೌದಿ, ಕಡಿಯಲು ರಬ್ಬರಿನ ಆಟಿಕೆ, ಹಗುರ ಪಟ್ಟಿ, ಐದಾರು ಅಡಿಯ ಹಗ್ಗ, ರಾಶಿ ಹಳೆ ಪೇಪರ್. ನೆಲದ ಮಟ್ಟದಲ್ಲಿರುವ ಚಾರ್ಜರ್ ವೈರು, ಇಲಿ ಪಾಷಾಣ, ಚಪ್ಪಲಿ, ಇವನ್ನೆಲ್ಲ ಮೇಲೆತ್ತಿ.

ಮೊದಲ ರಾತ್ರಿ ಮರಿ ಅಳುತ್ತದೆ. ತಾಯಿ, ಒಡಹುಟ್ಟಿದವರ ಬಿಸಿಯಲ್ಲಿ ಮಲಗಿದ ಜೀವ ಅದು. ಅದನ್ನು ಹಿತ್ತಲಲ್ಲೋ ಜಿನೆಯ ಕೆಳಗೋ ಒಂಟಿಯಾಗಿ ಬಿಟ್ಟು ಬಾಗಿಲು ಹಾಕಬೇಡಿ. ನಿಮ್ಮ ಮಂಚದ ಪಕ್ಕ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಕೌದಿ ಹಾಸಿ ಮಲಗಿಸಿ. ಎಚ್ಚರಾದಾಗ ಕೈ ಕೆಳಗೆ ಬಿಟ್ಟರೆ ಸಾಕು, ಬೆರಳು ಮೂಸಿ ಮತ್ತೆ ಮಲಗುತ್ತದೆ. ಮೂರು-ನಾಲ್ಕು ರಾತ್ರಿಯಲ್ಲಿ ಅಳು ನಿಲ್ಲುತ್ತದೆ. ಆಮೇಲೆ ಪೆಟ್ಟಿಗೆಯನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ದೂರ ಸರಿಸಿ, ಅದರ ಕಾಯಂ ಜಾಗಕ್ಕೆ ಒಯ್ಯಿರಿ.

ಹಂತ 4: ಲಸಿಕೆ ಮತ್ತು ಜಂತಿನ ಔಷಧಿ

ಇಲ್ಲಿ ತಪ್ಪಿದರೆ ಮರಿಯೇ ಕೈತಪ್ಪುತ್ತದೆ. ನಿಧಾನವಾಗಿ ಓದಿ.

ಮರಿಗೆ ಎರಡು ಬಗೆಯ ಲಸಿಕೆ ಬೇಕು. ಒಂದು, ಡಾಕ್ಟರು "ಸೆವೆನ್ ಇನ್ ಒನ್", "ನೈನ್ ಇನ್ ಒನ್" ಅನ್ನುವ ಕೂಡು ಲಸಿಕೆ. ಹಲವು ರೋಗಕ್ಕೆ ಒಂದೇ ಸೂಜಿ. ಇದರಲ್ಲಿ ಮೂರು ಹೆಸರು ನೆನಪಿಟ್ಟುಕೊಳ್ಳಿ. ಪಾರ್ವೊ: ಕರುಳಿಗೆ ಬರುವ ವೈರಸ್ ರೋಗ. ವಾಂತಿ, ದುರ್ವಾಸನೆಯ ರಕ್ತಭೇದಿ, ಎರಡು-ಮೂರು ದಿನದಲ್ಲೇ ಮರಿ ಸೋತುಹೋಗುತ್ತದೆ. ಡಿಸ್ಟೆಂಪರ್: ಮೊದಲು ಜ್ವರ, ಕಣ್ಣು-ಮೂಗಲ್ಲಿ ಸುರಿತ, ಆಮೇಲೆ ನರಕ್ಕೆ ಹೋಗಿ ಸೆಳೆತ. ಲೆಪ್ಟೊ: ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ರೋಗ, ಯಕೃತ್ತು ಮತ್ತು ಮೂತ್ರಪಿಂಡ ಕೆಡಿಸುತ್ತದೆ, ಮನುಷ್ಯರಿಗೂ ಹರಡುತ್ತದೆ. ಮಳೆಗಾಲದಲ್ಲಿ ಗಟಾರದ ನೀರು ರಸ್ತೆಗೆ ಬರುವ ಓಣಿಯವರು ಲೆಪ್ಟೊ ಲಸಿಕೆಯನ್ನು ಬಿಡಲೇಬಾರದು.

ಮೊದಲ ಡೋಸ್ ಆರರಿಂದ ಎಂಟು ವಾರದಲ್ಲಿ. ಆಮೇಲೆ ಮೂರು-ನಾಲ್ಕು ವಾರಕ್ಕೊಂದು. ಕೊನೆಯದು 16 ವಾರ ತುಂಬಿದ ಮೇಲೆ ಬೀಳಬೇಕು. "ಒಂದು ಹಾಕಿಸಿದ್ದೇವಲ್ಲ, ಮತ್ತೆ ಮತ್ತೆ ಯಾಕೆ?" ಅಂತ ಕೇಳುತ್ತಾರೆ. ತಾಯಿಯ ಗಿಣ್ಣದ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಕೆಲವು ವಾರ ಇರುತ್ತದೆ. ಅದು ಇರುವಷ್ಟು ದಿನ ಲಸಿಕೆಯನ್ನು ಕೆಲಸ ಮಾಡಲು ಬಿಡುವುದಿಲ್ಲ. ಆ ರಕ್ಷಣೆ ಯಾವ ವಾರ ಇಳಿಯುತ್ತದೆ ಅನ್ನುವುದು ಮರಿಯಿಂದ ಮರಿಗೆ ಬೇರೆ. ಅದಕ್ಕೇ ಸಾಲಾಗಿ ಹಾಕುವುದು. ಇವುಗಳಿಗೇ ಬೂಸ್ಟರ್ ಅನ್ನುತ್ತಾರೆ. ಒಂದು ಹಾಕಿಸಿ ಸುಮ್ನೆ ಬಿಡುವುದು ನಮ್ಮ ಕಡೆ ಬಹಳ ಮನೆಗಳಲ್ಲಿ ಆಗುವ ತಪ್ಪು.

ಎರಡನೆಯದು ರೇಬಿಸ್, ಅಂದರೆ ಹುಚ್ಚುನಾಯಿ ರೋಗದ ಲಸಿಕೆ. ಮೂರು ತಿಂಗಳು ತುಂಬಿದಾಗ ಮೊದಲನೆಯದು, ಆಮೇಲೆ ಡಾಕ್ಟರು ಹೇಳಿದ ದಿನ ಬೂಸ್ಟರ್, ನಂತರ ವರ್ಷಕ್ಕೊಮ್ಮೆ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಆ ಸುಮಾರಿಗೆ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆಯ ಶಿಬಿರ ನಡೆಸುವುದುಂಟು. ನಿಮ್ಮ ಹತ್ತಿರದ ಆಸ್ಪತ್ರೆಯಲ್ಲಿ ವಿಚಾರಿಸಿ. ಗದಗದವರಿಗೆ ಊರಲ್ಲೇ ಪಶುವೈದ್ಯಕೀಯ ಕಾಲೇಜು ಇದೆ. ಹಳ್ಳಿಯವರು ಪಶುಪಾಲನಾ ಇಲಾಖೆಯ ಸಹಾಯವಾಣಿ 1962 ನಂಬರನ್ನು ಬರೆದಿಟ್ಟುಕೊಳ್ಳಿ.

ಎಲ್ಲ ಡೋಸ್ ಮುಗಿಯುವವರೆಗೆ ಮರಿಯನ್ನು ಬೀದಿಯ ನೆಲಕ್ಕೆ ಇಳಿಸಬೇಡಿ. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ನಿಮ್ಮ ಚಪ್ಪಲಿಗೆ ಅಂಟಿಕೊಂಡೂ ಒಳಗೆ ಬರುತ್ತದೆ. ಮನೆಯಲ್ಲಿ ಮೊದಲೇ ಒಂದು ಮರಿ ಪಾರ್ವೊದಿಂದ ಹೋಗಿದ್ದರೆ ಹೊಸ ಮರಿ ತರಲು ಒಂದು ವರ್ಷವಾದರೂ ಕಾಯಿರಿ. ಬಟ್ಟಲು, ನೆಲವನ್ನು ಒಂದು ಪಾಲು ಬ್ಲೀಚಿಂಗ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ತೊಳೆಯಿರಿ. ಫಿನೈಲಿಗೆ ಈ ವೈರಸ್ ಬಗ್ಗುವುದಿಲ್ಲ.

ಜಂತಿನ ಔಷಧಿ ಬೇರೆ, ಲಸಿಕೆ ಬೇರೆ. ಮರಿಗೆ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ಪ್ರಮಾಣ ತೂಕದ ಮೇಲೆ. ಹೊಟ್ಟೆ ಮಡಕೆಯಂತೆ ಉಬ್ಬಿ, ಮೈ ಕಡ್ಡಿಯಾಗಿದ್ದರೆ ಅದು ಉಂಡ ಹೊಟ್ಟೆಯಲ್ಲ, ಜಂತು ತುಂಬಿದ ಹೊಟ್ಟೆ. ಈ ಹುಳದ ಮೊಟ್ಟೆ ಮಣ್ಣಿನಿಂದ ಮಕ್ಕಳ ಹೊಟ್ಟೆಗೂ ಹೋಗುತ್ತದೆ. ಅಂಗಳದಲ್ಲಿ ಆಡಿದ ಮಕ್ಕಳ ಕೈ ತೊಳೆಸಿ.

ಹಂತ 5: ಊಟ

ಮರಿಗೆ ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ. ಹೊತ್ತು ತಪ್ಪಬಾರದು. ಹಾಕಿದ್ದನ್ನು ಹದಿನೈದು-ಇಪ್ಪತ್ತು ನಿಮಿಷ ಬಿಟ್ಟು, ಉಳಿದದ್ದನ್ನು ಎತ್ತಿಬಿಡಿ. ಇಡೀ ದಿನ ಬಟ್ಟಲು ಇಟ್ಟರೆ ನೊಣ, ಇರುವೆ, ಹಟ, ಮೂರೂ ಬರುತ್ತವೆ.

"ಡಾಗ್ ಫುಡ್ ಬೇಕೇ ಬೇಕಾ?" ಬೇಕೇ ಬೇಕು ಅಂತಿಲ್ಲ. ಅದರಲ್ಲಿ ಎಲ್ಲ ಪೋಷಕಾಂಶ ಅಳತೆಯಲ್ಲಿರುವುದರಿಂದ ಸುಲಭ, ಅಷ್ಟೇ. ಮನೆ ಊಟ ಹಾಕುವವರು ಒಂದು ಮಾತು ತಿಳಿಯಿರಿ. ನಮ್ಮ ಕಡೆ ನಾಯಿಯ ಊಟ ಅಂದರೆ ಉಳಿದ ಜೋಳದ ರೊಟ್ಟಿ, ಮೇಲೆ ಒಂದಿಷ್ಟು ಸಾರು. ಹೊಟ್ಟೆಯೇನೋ ತುಂಬುತ್ತದೆ, ಮೈ ಬೆಳೆಯುವುದಿಲ್ಲ. ಬೆಳೆಯುವ ಮರಿಗೆ ಪ್ರೋಟೀನ್ ಬೇಕು: ಬೇಯಿಸಿದ ಕೋಳಿ, ತತ್ತಿ, ಮೀನು. ಮಾಂಸ ಮಾಡದ ಮನೆಯವರು ತತ್ತಿಯನ್ನೂ ಕೊಡದಿದ್ದರೆ ಬೇಳೆ, ಮೊಸರು, ಪನೀರು ಕೊಟ್ಟು ಡಾಕ್ಟರ ಸಲಹೆಯಂತೆ ಪೂರಕ ಸೇರಿಸಬೇಕು. ನಾನು ಮಾಡುವುದು ಹೀಗೆ: ಉಪ್ಪು-ಖಾರ ಹಾಕದೆ ಕೋಳಿ ಬೇಯಿಸಿ ಎಲುಬು ಬಿಡಿಸುತ್ತೇನೆ. ಆ ನೀರಿನಲ್ಲೇ ಗಜ್ಜರಿ, ಸಿಹಿಗುಂಬಳ ಬೇಯುತ್ತದೆ. ಅದಕ್ಕೆ ಅನ್ನವನ್ನೋ ಮುರಿದ ರೊಟ್ಟಿಯನ್ನೋ ಕಲಸುತ್ತೇನೆ. ಬೇಸಿಗೆಯಲ್ಲಿ ಮಧ್ಯಾಹ್ನ ಒಂದು ಬಟ್ಟಲು ಉಪ್ಪಿಲ್ಲದ ಮಜ್ಜಿಗೆ. ಕ್ಯಾಲ್ಸಿಯಂ ಡಬ್ಬಿಯನ್ನು ಮಾತ್ರ ಅಂಗಡಿಯವರು ಕೊಟ್ಟರು ಅಂತ ಸುರಿಯಬೇಡಿ. ದೊಡ್ಡ ಜಾತಿಯ ಮರಿಗೆ ಅದು ಜಾಸ್ತಿಯಾದರೂ ಎಲುಬು ಕೆಡುತ್ತದೆ.

ಹಸುವಿನ ಹಾಲು ಎಷ್ಟೋ ಮರಿಗಳಿಗೆ ಜೀರ್ಣ ಆಗುವುದಿಲ್ಲ. ಭೇದಿ ಶುರುವಾಯಿತು ಅಂತ ಗಾಬರಿಯಾಗಿ ಫೋನ್ ಮಾಡುವವರನ್ನು ನಾನು ಮೊದಲು ಕೇಳುವುದೇ "ಹಾಲು ಹಾಕಿದ್ದೀರಾ?" ಅಂತ.

ಇನ್ನು ಕೊಡಲೇಬಾರದ್ದು. ಉಳ್ಳಾಗಡ್ಡಿ, ಬಳ್ಳೊಳ್ಳಿ ಎರಡೂ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಪುಡಿ ಮಾಡಿದರೂ ಅಷ್ಟೇ. ಅಂದರೆ ನಮ್ಮ ಪಲ್ಯದ ರಸ, ಕೆಂಪು ಖಾರ, ಸಂಜೆಯ ಗಿರ್ಮಿಟ್, ಯಾವುದೂ ಅದಕ್ಕಲ್ಲ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಒಣದ್ರಾಕ್ಷಿ ಹಾಕಿದ ಉಂಡಿಯನ್ನು ಅಜ್ಜಿ ಪ್ರೀತಿಯಿಂದ ಕೊಟ್ಟರೂ ತಡೆಯಿರಿ. ಚಾಕೊಲೇಟ್ ಕೂಡ ವಿಷ, ಕಪ್ಪಗಿದ್ದಷ್ಟೂ ಅಪಾಯ. ಬೇಯಿಸಿದ ಕೋಳಿ ಎಲುಬು ಸೂಜಿಯಂತೆ ಸೀಳಿ ಕರುಳಿಗೆ ಚುಚ್ಚುತ್ತದೆ. ಧಾರವಾಡ ಪೇಡೆ ವಿಷವಲ್ಲ, ಆದರೆ ಅಷ್ಟು ಸಕ್ಕರೆ ನಾಯಿಗೆ ಬೇಡ.

ಊಟಕ್ಕಿಂತ ದೊಡ್ಡ ಅಪಾಯ ನಮ್ಮ ಔಷಧಿ ಡಬ್ಬಿ. ಮೈ ಮುಟ್ಟಿದರೆ ಬಿಸಿ ಅಂತ ಅರ್ಧ ಪ್ಯಾರಾಸಿಟಮಾಲ್ ಕೊಟ್ಟುಬಿಡುತ್ತಾರೆ. ನಮ್ಮ ಮೈಬಿಸಿ 98.6 ಡಿಗ್ರಿ ಫ್ಯಾರನ್‌ಹೀಟ್. ನಾಯಿಗೆ 101ರಿಂದ 102.5 ಸಹಜ. ಆರೋಗ್ಯದ ನಾಯಿಯೂ ಕೈಗೆ ಬೆಚ್ಚಗೇ ಹತ್ತುತ್ತದೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಎರಡೂ ನಾಯಿಯ ಜೀವಕ್ಕೇ ಅಪಾಯ ತರಬಹುದು. ಡಾಕ್ಟರನ್ನು ಕೇಳದೆ ಮನೆಯ ಯಾವ ಗುಳಿಗೆಯನ್ನೂ ಕೊಡಬೇಡಿ.

ಹಂತ 6: ಹೊರಗೆ ಹೋಗುವ ರೂಢಿ

ಮರಿ ಎದ್ದ ಕೂಡಲೇ, ಉಂಡ ಕೂಡಲೇ, ಆಡಿ ನಿಂತ ಕೂಡಲೇ ಒಂದೇ ಜಾಗಕ್ಕೆ ಎತ್ತಿಕೊಂಡು ಹೋಗಿ. ಹೊರಗೆ ಬಿಡುವಂತಿಲ್ಲದ ವಯಸ್ಸಿನಲ್ಲಿ ನಿಮ್ಮದೇ ಅಂಗಳದ ಮೂಲೆ, ಇಲ್ಲವೇ ಬಾಲ್ಕನಿಯಲ್ಲಿ ಪೇಪರ್. ಕೆಲಸ ಮುಗಿಸಿದ ಕ್ಷಣವೇ "ಶಾಣ್ಯಾ" ಅಂತ ಬೆನ್ನು ಸವರಿ, ಒಂದು ಚೂರು ತಿಂಡಿ ಕೊಡಿ. ಒಳಗೆ ಮಾಡಿದರೆ ಮೂಗು ತಿಕ್ಕುವುದು, ಹೊಡೆಯುವುದು ಮಾಡಬೇಡಿ. ಅದರಿಂದ ಮರಿ ಕಲಿಯುವ ಪಾಠ ಒಂದೇ, ನಿಮ್ಮ ಕಣ್ಣು ತಪ್ಪಿಸಿ ಮಂಚದ ಕೆಳಗೆ ಮಾಡುವುದು. ಎರಡು ತಿಂಗಳ ಮರಿ ಹಗಲು ಎರಡು-ಮೂರು ತಾಸಿಗಿಂತ ಜಾಸ್ತಿ ತಡೆಯಲಾರದು. ನೆಲ ಒರೆಸಿದ ಫಿನೈಲ್ ಪೂರ್ತಿ ಒಣಗುವ ತನಕ ಮರಿಯನ್ನು ಬಿಡಬೇಡಿ, ಪಾದ ನೆಕ್ಕಿ ಹೊಟ್ಟೆಗೆ ಹೋಗುತ್ತದೆ.

ಹಂತ 7: ಸರಪಳಿ ಬೇಡ, ಜಗತ್ತು ತೋರಿಸಿ

ಈ ಲೇಖನದಲ್ಲಿ ಒಂದೇ ಹಂತ ನೆನಪಿಡುತ್ತೇನೆ ಅನ್ನುವವರು ಇದನ್ನು ನೆನಪಿಡಿ.

ಮೂರನೇ ವಾರದಿಂದ ಹದಿನಾಲ್ಕನೇ ವಾರದವರೆಗೆ ಮರಿಯ ಮನಸ್ಸು ತೆರೆದಿರುತ್ತದೆ. ಆಗ ನೋಡಿದ್ದು, ಕೇಳಿದ್ದು ಮುಂದೆ ಹೆದರಿಕೆ ಅನ್ನಿಸುವುದಿಲ್ಲ. ಆಗ ನೋಡದ್ದು ಮುಂದೆ ವೈರಿಯಂತೆ ಕಾಣುತ್ತದೆ. ಲಸಿಕೆ ಮುಗಿಯದೆ ನೆಲಕ್ಕೆ ಬಿಡುವಂತಿಲ್ಲ, ಸರಿ. ಕಂಕುಳಲ್ಲಿ ಎತ್ತಿಕೊಂಡು ಹೋಗಬಹುದಲ್ವಾ? ದಿನಕ್ಕೆ ಹತ್ತು ನಿಮಿಷ ಓಣಿಯ ಕಟ್ಟೆಯ ಮೇಲೆ ಕೂತುಕೊಳ್ಳಿ. ಆಟೋ, ಸೈಕಲ್, ಹೆಲ್ಮೆಟ್ ಹಾಕಿದವರು, ಬುರ್ಖಾ ತೊಟ್ಟವರು, ಕೋಲು ಊರುವ ಅಜ್ಜ, ಹಾಲಿನವರು, ದನ, ಕಿರಿಚುವ ಮಕ್ಕಳು, ಎಲ್ಲ ನೋಡಲಿ. ಪ್ರತಿಯೊಂದರ ಜೊತೆ ಒಂದು ಚೂರು ತಿಂಡಿ.

ಬದಲಿಗೆ ನಮ್ಮಲ್ಲಿ ಏನು ಮಾಡುತ್ತಾರೆ? ಮೂರು ತಿಂಗಳ ಮರಿಯನ್ನು ಗೇಟಿನ ಪಕ್ಕ ಸರಪಳಿಗೆ ಕಟ್ಟುತ್ತಾರೆ, ಕಾವಲಿಗೆ ಅಂತ. ಅಲ್ಲಿಂದ ಅದಕ್ಕೆ ಕಾಣುವುದು ಹಾದುಹೋಗುವ ಕಾಲುಗಳು ಮಾತ್ರ. ಹತ್ತಿರ ಹೋಗಿ ಮೂಸಲಾಗದು, ಹೆದರಿದರೆ ಓಡಲಾಗದು. ಉಳಿಯುವುದು ಬೊಗಳುವುದು, ಕೊನೆಗೆ ಕಚ್ಚುವುದು. ಆಮೇಲೆ "ನಮ್ಮ ನಾಯಿ ಬಹಳ ಸಿಟ್ಟಿಂದ್ರಿ" ಅಂತ ನಮಗೇ ಹೇಳುತ್ತಾರೆ. ಆ ಸಿಟ್ಟು ಹುಟ್ಟಿನಿಂದ ಬಂದದ್ದಲ್ಲ, ಕಟ್ಟಿಹಾಕಿದ್ದರಿಂದ ಬಂದದ್ದು. ಇದನ್ನು ಹೇಳಿ ಹೇಳಿ ಸಾಕಾಗಿದೆ, ಆದರೂ ಹೇಳುವುದನ್ನು ಬಿಡುವುದಿಲ್ಲ. ಮನೆಯವರ ನಡುವೆ ಬೆಳೆದ ನಾಯಿ ಅಪರಿಚಿತರು ಬಂದರೆ ತಾನಾಗಿಯೇ ಎಚ್ಚರಿಸುತ್ತದೆ. ಅದಕ್ಕೆ ಸರಪಳಿ ಬೇಕಿಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ, ತೀರ ಗಿಡ್ಡ ಅಥವಾ ತೀರ ಭಾರದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟುವುದು ಹಿಂಸೆ. ರೂಢಿಯಾಗಿ ಕಟ್ಟಿಯೇ ಇಡುವ ನಾಯಿಯನ್ನು ಸರಿಯಾಗಿ ಓಡಾಡಿಸದಿರುವುದೂ ಹಿಂಸೆಯೇ.

ಲಸಿಕೆ ಮುಗಿದ ಮೇಲೆ ದಿನಕ್ಕೆ ಎರಡು ಹೊತ್ತು ನಡೆಸಿ. ಉಣಕಲ್ ಕೆರೆ, ಸಾಧನಕೇರಿ, ಕೆಲಗೇರಿ ಕಡೆ ಬೆಳಿಗ್ಗೆ ಜನ ಬರುವ ಮುಂಚೆ ಹೋದರೆ ಹಿತ. ಹಗ್ಗ ಯಾವಾಗಲೂ ಕೈಯಲ್ಲಿರಲಿ. "ನಮ್ದು ಏನೂ ಮಾಡೂದಿಲ್ರಿ" ಅಂತ ಬಿಟ್ಟು ನಡೆಯಬೇಡಿ. ಎದುರಿಗೆ ಬರುವ ಅಕ್ಕಾರಿಗೆ ಅದು ಗೊತ್ತಿಲ್ಲ, ಅವರ ಹೆದರಿಕೆ ನಿಜವಾದದ್ದು. ನಿಮ್ಮ ಅಜಾಗರೂಕತೆಯಿಂದ ನಾಯಿ ಬೇರೆಯವರಿಗೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಕೆಳಗೆ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಬೀದಿನಾಯಿಗಳು ಸುತ್ತಿಕೊಂಡರೆ ಓಡಬೇಡಿ, ಕಲ್ಲು ಎತ್ತಬೇಡಿ. ನಿಮ್ಮ ನಾಯಿಯನ್ನು ಪಕ್ಕಕ್ಕೆ ಎಳೆದುಕೊಂಡು, ಅವುಗಳ ಕಣ್ಣಿಗೆ ಕಣ್ಣು ಕೊಡದೆ ನಿಧಾನವಾಗಿ ದಾಟಿ. ಜೇಬಿನಲ್ಲಿ ಹಳೆ ಪೇಪರ್ ಇರಲಿ. ನಿಮ್ಮ ನಾಯಿ ಇನ್ನೊಬ್ಬರ ಮನೆ ಮುಂದೆ ಮಾಡಿದ್ದನ್ನು ನೀವೇ ಎತ್ತಬೇಕು. ಪಾಲಿಕೆಯಲ್ಲಿ ಸಾಕುನಾಯಿಯ ನೋಂದಣಿ ಬಗ್ಗೆ ನಿಮ್ಮ ವಲಯ ಕಚೇರಿಯಲ್ಲಿ ವಿಚಾರಿಸಿ, ರೇಬಿಸ್ ಲಸಿಕೆಯ ಕಾರ್ಡು ಜೊತೆಗಿರಲಿ.

ಹಂತ 8: ಉಣ್ಣಿ

ಒಂದೆರಡು ಮಳೆ ಬಿದ್ದು ಹುಲ್ಲು ಚಿಗುರಿತು ಅಂದರೆ ಉಣ್ಣಿ ಕಾಟ ಜೋರಾಗುತ್ತದೆ. ದಿನಾ ಸಂಜೆ ಐದು ನಿಮಿಷ ನಾಯಿಯನ್ನು ತೊಡೆಯ ಮೇಲೆ ಮಲಗಿಸಿ ಬೆರಳಿನಲ್ಲಿ ಕೂದಲು ಬಿಡಿಸುತ್ತ ನೋಡಿ. ಕಿವಿಯ ಒಳಮಡಿಕೆ, ಪಟ್ಟಿಯ ಕೆಳಗೆ, ಕಂಕುಳು, ಪಾದದ ಬೆರಳುಗಳ ಸಂದಿ. ಹೊಸದಾಗಿ ಹತ್ತಿದ್ದು ಎಳ್ಳಿನಷ್ಟಿರುತ್ತದೆ. ರಕ್ತ ಕುಡಿದದ್ದು ಬೂದುಬಣ್ಣದ ಬಟಾಣಿಯಷ್ಟಾಗುತ್ತದೆ.

ತೆಗೆಯುವುದು ಹೀಗೆ. ಚಿಮಟಿಗೆಯಿಂದ ಉಣ್ಣಿಯ ಹೊಟ್ಟೆಯನ್ನಲ್ಲ, ಚರ್ಮಕ್ಕೆ ತಾಗಿದ ತಲೆಯ ಭಾಗವನ್ನು ಹಿಡಿಯಿರಿ. ತಿರುಚದೆ, ಝಾಡಿಸದೆ, ನೇರ ಮೇಲಕ್ಕೆ ಒಂದೇ ಸಮ ಎಳೆಯಿರಿ. ಚರ್ಮ ಸ್ವಲ್ಪ ಎದ್ದು ಬಂದು ಪಟ್ಟನೆ ಬಿಡುತ್ತದೆ. ಸಾಬೂನು ನೀರಿನ ಡಬ್ಬಿಗೆ ಹಾಕಿ. ಉಗುರಿನಲ್ಲಿ ಒಡೆಯಬೇಡಿ, ಕಾಲಲ್ಲಿ ಹೊಸಕಬೇಡಿ. ಸೀಮೆಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತೋರಿಸುವುದು ಬೇಡವೇ ಬೇಡ.

ಮೈಮೇಲಿನದನ್ನು ತೆಗೆದರೆ ಅರ್ಧ ಕೆಲಸ. ಒಂದು ಹೆಣ್ಣು ಉಣ್ಣಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ, ಅದೂ ನಾಯಿಯ ಮೈಮೇಲಲ್ಲ, ಗೋಡೆಯ ಬಿರುಕಿನಲ್ಲಿ. ಕೌದಿಯನ್ನು ಕುದಿನೀರಲ್ಲಿ ಒಗೆದು ಸುಡು ಬಿಸಿಲಿಗೆ ಹಾಕಿ, ಗೋಡೆಯ ಸಂದು ಮುಚ್ಚಿ. ಹಳ್ಳಿಯ ಮನೆಗಳಲ್ಲಿ ದನಕ್ಕೆ ತಂದ ಉಣ್ಣಿ ಔಷಧಿಯನ್ನೇ ಅಂದಾಜಿನಲ್ಲಿ ನಾಯಿಗೂ ಬಳಿಯುತ್ತಾರೆ. ಗಟ್ಟಿಯಾದರೆ, ನಾಯಿ ಮೈ ನೆಕ್ಕಿಕೊಂಡರೆ, ಬಾಯಿಂದ ಜೊಲ್ಲು, ನಡುಕ, ಸೆಳೆತ ಬರುತ್ತದೆ. ನಾಯಿಗೆಂದೇ ಇರುವ ಗುಳಿಗೆ, ಬೆನ್ನಿಗೆ ಬಿಡುವ ಹನಿ ಔಷಧಿ ಇವೆ. ತೂಕ ಹೇಳಿ ಡಾಕ್ಟರಿಂದ ಬರೆಸಿಕೊಳ್ಳಿ.

ಉಣ್ಣಿ ಹತ್ತಿದ ನಾಯಿ ಊಟ ಬಿಟ್ಟು ಮಂಕಾಗಿ ಮಲಗಿದರೆ ಮೇಲಿನ ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣ ಹೋಗಿ ಬಿಳಿಚಿಕೊಂಡಿದ್ದರೆ, ಮೂಗಿನಿಂದ ರಕ್ತ ಬಂದರೆ, ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಅದು ಉಣ್ಣಿಯಿಂದ ಬರುವ ಜ್ವರ ಇರಬಹುದು. ಎರ್ಲಿಕಿಯಾ, ಬಬೇಸಿಯಾ ಅಂತ ಡಾಕ್ಟರು ಹೇಳುವುದು ಇದನ್ನೇ. ರಕ್ತದೊಳಗೆ ಸೇರುವ ಸೂಕ್ಷ್ಮಜೀವಿಗಳು ಇವು. ರಕ್ತ ಪರೀಕ್ಷೆ ಮಾಡಿಸಿ. ಬೇಗ ಹೋದರೆ ಗುಣವಾಗುತ್ತದೆ. "ನಾಳೆ ನೋಡೋಣ" ಅನ್ನಬೇಡಿ.

ಹಂತ 9: ಬಿಸಿಲು ಮತ್ತು ಹಬ್ಬ

ಬೇಸಿಗೆಯಲ್ಲಿ ಬೆಳಿಗ್ಗೆ ಏಳರ ಒಳಗೆ, ಸಂಜೆ ಏಳರ ಮೇಲೆ ನಡೆಸಿ. ಡಾಂಬರಿನ ಮೇಲೆ ನಿಮ್ಮ ಅಂಗೈ ಹಿಂಭಾಗವನ್ನು ಐದಾರು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಪಾದವೂ ಸುಡುತ್ತದೆ. ಏದುಸಿರು ನಿಲ್ಲದೆ, ನಾಲಿಗೆ ಕಡುಗೆಂಪಾಗಿ, ತೂರಾಡಿದರೆ ಅದು ಬಿಸಿಲಿನ ಹೊಡೆತ. ನೆರಳಿಗೆ ತಂದು ಮೈಗೆ ತಣ್ಣೀರು ಹಾಕಿ, ಫ್ಯಾನ್ ಹಚ್ಚಿ, ಆಸ್ಪತ್ರೆಗೆ ಹೊರಡಿ. ನಿಲ್ಲಿಸಿದ ಕಾರಿನಲ್ಲಿ ಐದು ನಿಮಿಷವೂ ಬಿಡಬೇಡಿ.

ಹೋಳಿ ಹುಣ್ಣಿಮೆಯಿಂದ ರಂಗಪಂಚಮಿವರೆಗೆ ಹುಬ್ಬಳ್ಳಿಯಲ್ಲಿ ಹಲಗೆಯ ಸದ್ದು, ಬಣ್ಣ. ನಾಯಿ ಮೈಮೇಲಿನ ಬಣ್ಣವನ್ನು ನೆಕ್ಕಿಯೇ ತೆಗೆಯುತ್ತದೆ, ಅದು ಹೊಟ್ಟೆಗೆ ಹೋಗುತ್ತದೆ. ಆ ದಿನ ಒಳಗಿರಲಿ. ಗಣಪತಿ ಮೆರವಣಿಗೆ, ದೀಪಾವಳಿಯ ಪಟಾಕಿ ದಿನ ಸಂಜೆಗೆ ಮುಂಚೆ ಹೊರಗೆ ಕರೆದೊಯ್ದು ಬಂದು, ನಡುಮನೆಯಲ್ಲಿ ಕಿಟಕಿ ಮುಚ್ಚಿ, ಫ್ಯಾನ್ ಜೋರು ಮಾಡಿ, ಟಿವಿ ಹಚ್ಚಿ ಜೊತೆಗೆ ಕೂರಿ. ಹೆದರಿದ ನಾಯಿಯನ್ನು ಸವರಿದರೆ ಹೆದರಿಕೆ ಹೆಚ್ಚುತ್ತದೆ ಅನ್ನುವುದು ಸುಳ್ಳು. ಸವರಿ. ಪಟಾಕಿಗೆ ಬೆದರಿ ಓಡಿ ಕಳೆದುಹೋಗುವ ನಾಯಿಗಳು ಬಹಳ. ಪಟ್ಟಿಯ ಮೇಲೆ ನಿಮ್ಮ ಫೋನ್ ನಂಬರ್ ಇರಲಿ.

ಹಂತ 10: ಕಚ್ಚಿದರೆ

ಮರಿಯ ಹಲ್ಲು ತಾಗಿ ರಕ್ತ ಬಂದರೂ ಇದೇ ಕ್ರಮ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ, ಗಡಿಯಾರ ನೋಡಿ, ತೊಳೆಯಿರಿ. ಅರಿಶಿನ, ಖಾರದಪುಡಿ, ಸುಣ್ಣ ಹಚ್ಚಬೇಡಿ, ಬಿಗಿಯಾಗಿ ಪಟ್ಟಿ ಕಟ್ಟಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ತೋಳಿಗೆ ಹಾಕುವ ಸೂಜಿಯಾದರೆ 0, 3, 7, 14, 28ನೇ ದಿನ. ಚರ್ಮದೊಳಗೆ ಹಾಕುವುದಾದರೆ 0, 3, 7, 28. ಗಾಯ ಆಳವಿದ್ದರೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ ಕೂಡ ಹಾಕುತ್ತಾರೆ, ಅಂದರೆ ಲಸಿಕೆ ಕೆಲಸ ಶುರು ಮಾಡುವವರೆಗೆ ಕಾಯುವ ಸಿದ್ಧ ರಕ್ಷಣೆ. ನಡುವೆ ಒಂದು ಸೂಜಿಯನ್ನೂ ಬಿಡಬೇಡಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿ ಇಲ್ಲ.

ಹಂತ 11: ಆಪರೇಷನ್ ಮತ್ತು ಪ್ರಯಾಣ

ಹೆಣ್ಣುನಾಯಿ ಆರು ತಿಂಗಳ ಮೇಲೆ ಯಾವಾಗ ಬೇಕಾದರೂ ಬೆದೆಗೆ ಬರಬಹುದು. ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ, ಪ್ರತಿ ಸಲ ಸುಮಾರು ಮೂರು ವಾರ. ಓಣಿಯ ಗಂಡುನಾಯಿಗಳೆಲ್ಲ ಗೇಟಿಗೆ ಬರುತ್ತವೆ. ಮರಿ ಬೇಡ ಅನ್ನುವವರು ಸಂತಾನಹರಣ ಆಪರೇಷನ್ ಮಾಡಿಸಿ. "ಒಂದು ಸಲ ಮರಿ ಹಾಕಲಿ, ಆಮೇಲೆ" ಅನ್ನುವುದರಿಂದ ಅದರ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ. ಮಾಡಿಸದ ಹೆಣ್ಣುನಾಯಿಗೆ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ ಅನ್ನುವ ರೋಗ ಬರಬಹುದು, ಜೀವಕ್ಕೇ ಬರುತ್ತದೆ. ಯಾವ ತಿಂಗಳಲ್ಲಿ ಮಾಡಿಸಬೇಕು ಅನ್ನುವುದು ಜಾತಿ, ಗಾತ್ರದ ಮೇಲೆ. ದೊಡ್ಡ ಜಾತಿಗೆ ತಡವಾಗಿ ಮಾಡುತ್ತಾರೆ.

ರೈಲಿನಲ್ಲಿ ಕರೆದೊಯ್ಯುವವರಿಗೆ: ಸ್ಲೀಪರ್, ಎಸಿ 2-ಟಯರ್, 3-ಟಯರ್‌ನಲ್ಲಿ ನಾಯಿಗೆ ಅವಕಾಶ ಇಲ್ಲ. ಎಸಿ ಫಸ್ಟ್ ಕ್ಲಾಸಿನಲ್ಲಿ ಇಡೀ ಕೂಪೆ ಅಥವಾ ಕ್ಯಾಬಿನ್ ನಿಮ್ಮದೇ ಆಗಿದ್ದರೆ ಜೊತೆಗೆ ಒಯ್ಯಬಹುದು. ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ನಾಯಿಪೆಟ್ಟಿಗೆ. ಬುಕಿಂಗ್ ಆಗುವುದು ಪಾರ್ಸೆಲ್ ಆಫೀಸಿನಲ್ಲಿ, ಲಸಿಕೆಯ ಕಾರ್ಡು ಕೇಳುತ್ತಾರೆ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. ಡಬ್ಬಿ ಎಲ್ಲಿ ನಿಲ್ಲುತ್ತದೆ ಅಂತ ಮೊದಲೇ ಕೇಳಿಕೊಂಡು, ಒಂದು ತಾಸು ಮುಂಚೆ ಹೋಗಿ. ಹೊರಡುವ ಮೂರು-ನಾಲ್ಕು ತಾಸು ಮೊದಲು ಊಟ ಹಾಕಿ ಮುಗಿಸಿ. ನೀರಿನ ಬಟ್ಟಲು, ಅದು ಮಲಗುವ ಹಳೆ ಕೌದಿ ಎರಡನ್ನೂ ಜೊತೆಗೆ ಇಡಿ. ಆ ಕೌದಿಯನ್ನು ಹೊರಡುವ ಮುಂಚೆ ಒಗೆಯಬೇಡಿ, ಅದರಲ್ಲಿ ಮನೆಯ ವಾಸನೆ ಇರಬೇಕು.